ಮಲಗಿದರೆ ಆಟ ನಿಲ್ಲುತ್ತದೆ

ಡೆಲ್ಮರನ ಮೊಣಕಾಲು ಲಟಕ್ಕೆಂದದ್ದು ಎದುರು ತಂಡದ ದೈತ್ಯನಿಗೂ ಕೇಳಿಸಿತು. ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದ ಅವನು, "ಮಲಗ್ಬಿಡೋ ಮಾರಾಯ, ನಮಗೂ ಸ್ವಲ್ಪ ಉಸಿರು ಬರ್ಲಿ," ಎಂದ.

ಅಲಬಾಮಾದಲ್ಲಿದ್ದ ಡೆಲ್ಮರನ ಪುಟ್ಟ ಕಾಲೇಜಿಗೆ ಬಂದ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲಿನ ಹೊಸ ಕೋಚ್ ಕಿಂಬ್ರೋನ ಉಪಾಯ ಇದು: ಒಂದು ದಾಳಿ ಮುಗಿಯುತ್ತಲೇ ಇನ್ನೊಂದು, ನಡುವೆ ಬಿಡುವೇ ಇಲ್ಲ. ತಮಗಿಂತ ಬಲಶಾಲಿಗಳನ್ನು ದಣಿಸಿಯೇ ಕೆಡವಬೇಕು. ತಮ್ಮವನೊಬ್ಬ ಪೆಟ್ಟಾಗಿ ಮಲಗಿದರೆ ಮಾತ್ರ ಆಟ ನಿಲ್ಲುತ್ತದೆ, ಎದುರಾಳಿಗಳು ದಣಿಯದ ಆಟಗಾರರನ್ನು ಇಳಿಸುತ್ತಾರೆ. ಈಗ ಉಳಿದಿದ್ದುದು ಒಂದೇ ದಾಳಿಯ ಹೊತ್ತು. ಚೆಂಡು ಗೆರೆ ದಾಟಿದರೆ ಗೆಲುವು.

"ಏಳೋ ಡೆಲ್ಮರ್! ಕಾಲು ನಾಳೆ ನೋಡ್ಕೊಂಡ್ರಾಯ್ತು!" ಕೋಚ್ ಅರಚಿದ. ಮಂಡಿಯೂರಿದ್ದ ಡೆಲ್ಮರ್ ಬೇಲಿಯಾಚೆ ನಿಂತಿದ್ದ ಅಪ್ಪನ ಕಡೆ ನೋಡಿದ. "ಇವನು ಫುಟ್‌ಬಾಲ್ ಆಡಿಸ್ತಿಲ್ಲ, ಕೋಳಿ ಓಡಿಸ್ತಿದ್ದಾನೆ" ಎಂದು ಕ್ಷೌರದಂಗಡಿಯಲ್ಲಿ ಕೋಚ್‌ನನ್ನು ವಾರವಿಡೀ ಗೇಲಿ ಮಾಡಿದ್ದ ಅಪ್ಪ. ಅವನೂ ಅರಚಿದ: "ಏಳೋ, ಎದ್ದೇಳೋ!"

ಡೆಲ್ಮರ್ ಎದ್ದ. ಚೆಂಡು ಹಿಡಿದ ಜೊತೆಗಾರನಿಗೆ ದಾರಿ ಮಾಡಲು ಒಂಟಿಕಾಲಿನಲ್ಲೇ ದೈತ್ಯನಿಗೆ ಎದೆಕೊಟ್ಟ. ದಣಿದಿದ್ದ ದೈತ್ಯ ಬುಡ ಕಡಿದ ಮರದಂತೆ ಉರುಳಿದ. ಅವನ ಪಕ್ಕದಿಂದಲೇ ಚೆಂಡು ಗೆರೆ ದಾಟಿತು. ಬೇಲಿ ಹಾರಿ ಊರಿಗೆ ಊರೇ ಮೈದಾನಕ್ಕೆ ನುಗ್ಗಿತು, ಎಲ್ಲರಿಗಿಂತ ಮುಂದೆ ಅಪ್ಪ. ಹುಲ್ಲಿನ ಮೇಲೆ ಬಿದ್ದಿದ್ದ ಡೆಲ್ಮರ್ ಅವನತ್ತ ಕೈಚಾಚಿದ. ಅಪ್ಪ ಆ ಕೈಯನ್ನು ದಾಟಿಕೊಂಡು ಓಡಿಹೋಗಿ ಕೋಚ್‌ನನ್ನು ತಬ್ಬಿಕೊಂಡ.

"ತಪ್ಪಾಯ್ತು ಕೋಚ್, ನಿಮ್ಮನ್ನ ನಂಬ್ಲಿಲ್ಲ ನಾನು!"