ಚಿತಾಗಾರದ ಬಿಸಿ

ಕುಲುಮೆ ಯಾವುದೇ ಇರಲಿ, ಅದರ ವ್ಯರ್ಥ ಬಿಸಿಯಿಂದ ನೀರು ಕಾಯಿಸಿ ಸುತ್ತಲಿನ ಮನೆಗಳಿಗೆ ಪೈಪಿನಲ್ಲಿ ಕೊಡಬೇಕೆಂದು ದೇಶಕ್ಕೆಲ್ಲ ಹೊಸ ನಿಯಮ ಬರುವುದಿತ್ತು. ಕರಡಿನ ಬಗ್ಗೆ ಜನರ ಅಭಿಪ್ರಾಯ ಕೇಳಲು ಬಂದ ಅಧಿಕಾರಿಣಿಗೆ ಆ ಚಳಿಯೂರಿನಲ್ಲಿ ಸಿಕ್ಕ ಕುಲುಮೆ ಒಂದೇ, ವಿದ್ಯುತ್ ಚಿತಾಗಾರ.

“ಹೆಣ ಸುಟ್ಟ ಬಿಸೀಲಿ ನಾನು ಸ್ನಾನ ಮಾಡ್ಬೇಕೇನ್ರೀ?” ಸಭೆಯ ಮುಂದಿನ ಸಾಲಿನ ಮುದುಕ ಕುರ್ಚಿ ಒದ್ದು ಎದ್ದ. “ನಾನು ಬದುಕಿರೋವರೆಗೂ ನಮ್ಮನೆಗೆ ಆ ಪೈಪು ಬರಕೂಡ್ದು!”

“ಇವಳನ್ನ ಮೊದ್ಲು ಬಸ್ ಹತ್ತಿಸ್ರೋ!” ಹಿಂದಿನಿಂದ ಯಾರೋ ಕೂಗಿದರು.

ಆಗ ಮುದುಕನ ಹೆಂಡತಿ ಒಲೆ ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಎದ್ದು ನಿಂತಳು.

“ನಮ್ಮನೆಗೆ ಹಾಕ್ಸಿ ಮೇಡಂ. ಮದುವೆಯಾದಾಗಿಂದ ಇವರ ಸ್ನಾನಕ್ಕೆ ನಾನು ಬಚ್ಚಲೊಲೆ ಊದ್ತಿದೀನಿ. ಆ ಚಿತಾಗಾರಕ್ಕೆ ಹೋದ ದಿನವಾದ್ರೂ ಇವರು ನನಗೊಂದು ಚೊಂಬು ನೀರು ಕಾಯಿಸ್ಲಿ.”