ಬೂದುಬಣ್ಣದ ಲೋಟ

ಹದಿನಾರು ವರ್ಷಗಳಿಂದ ಹುಲಿಗೆಮ್ಮ ಕಸದ ಘಟಕದಲ್ಲಿ ಪ್ಲಾಸ್ಟಿಕ್ ಆರಿಸುತ್ತಿದ್ದಳು. ಯಾವುದು ಯಾವ ಜಾತಿಯದೆಂದು ಮುಟ್ಟಿದರೇ ಅವಳಿಗೆ ತಿಳಿಯುತ್ತಿತ್ತು. ಈಗ ಹೊಸ ಎಂಜಿನಿಯರ್ ಒಂದು ಬಿಳಿ ಪುಡಿ ತಂದಿದ್ದ. ಅದನ್ನು ಬೆರೆಸಿದರೆ ಎಲ್ಲ ಬಗೆಯ ಪ್ಲಾಸ್ಟಿಕ್ಕೂ ಒಟ್ಟಿಗೇ ಕರಗಿ ಒಂದಾಗುತ್ತಿತ್ತು. ಆರಿಸುವ ಕೆಲಸವೇ ಬೇಡವಾಯಿತು.

ಮೊದಲ ದಿನವೇ, ಅವಳು ಬೇರೆ ತೆಗೆದಿಟ್ಟಿದ್ದ ಕ್ರಿಮಿನಾಶಕದ ಡಬ್ಬಿಗಳನ್ನೂ ಅವನು ಕರಗಿಸುವ ಯಂತ್ರಕ್ಕೆ ಸುರಿಸಿದ.

“ಸಾಹೇಬ್ರ, ಅವು ಹೊಲಕ್ಕ ಹೊಡಿಯೋ ಎಣ್ಣಿ ಡಬ್ಬಿ ರೀ. ಅದರಾಗ ವಿಷ ಐತ್ರಿ.”

“ಆ ಕಾವಿಗೆ ಯಾವ ವಿಷಾನೂ ಉಳಿಯಲ್ಲ ಹುಲಿಗೆಮ್ಮ. ಸುಮ್ಮನೆ ಹೆದರಬೇಡ.”

ಸಂಜೆಯ ಹೊತ್ತಿಗೆ ಅಚ್ಚಿನಿಂದ ಬೂದುಬಣ್ಣದ ಲೋಟಗಳು ಒಂದೊಂದಾಗಿ ಹೊರಬಂದವು. ಹುಲಿಗೆಮ್ಮ ಒಂದನ್ನು ಎತ್ತಿ ಮೂಸಿದಳು. ಡಬ್ಬಿಗಳ ಅದೇ ಘಾಟು ಮೂಗಿಗೆ ಹೊಡೆಯಿತು.

“ಇವು ಎಲ್ಲಿಗ್ ಹೋಗ್ತಾವ್ರಿ?”

“ನಾಳೆ ಹಾಸ್ಟೆಲ್ ಮಕ್ಕಳಿಗೆ.”

“ಖರೇನ ಏನೂ ಆಗೂದಿಲ್ಲೇನ್ರಿ?”

“ನನ್ನ ಮಗಳಾಣೆಗೂ ಆಗಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಕೆಲಸದವರಿಗೆಂದು ತರಿಸಿದ್ದ ಬಿಸಿ ಚಹಾವನ್ನು ಆ ಲೋಟಕ್ಕೆ ಬಗ್ಗಿಸಿಕೊಂಡು ತುಟಿಗೆ ತಂದಳು.

ಎಂಜಿನಿಯರ್ ಓಡಿಬಂದು ಅವಳ ಕೈಯಿಂದ ಲೋಟವನ್ನು ಹೊಡೆದು ಕೆಡವಿದ.