ಕೀಲಿಕೈ ಯಾರಿಗೆ?

ಕರಾವಳಿಯಿಂದ ದುಡಿಯಲು ಬಂದಿದ್ದ ಬಡಗಿ ಜೆರೋಮ್ ಗಾಜಿನ ಪೆಟ್ಟಿಗೆಗೆ ಕೊನೆಯ ಸ್ಕ್ರೂ ಬಿಗಿಯುವಷ್ಟರಲ್ಲಿ ಆಯಿಷಾ ಅಜ್ಜಿ ಅವನ ಸ್ಕ್ರೂಡ್ರೈವರನ್ನೇ ಕಿತ್ತುಕೊಂಡಳು. ಚೀನಾದಿಂದ ಅರಬ್ ನಾಡಿನ ತಾಯಿಫ್‌ಗೆ ವಲಸೆ ಬಂದ ತಮ್ಮವರ ನೆನಪಿಗೆಂದು ಅವಳ ಮೊಮ್ಮಗ ಮನೆಯ ಮುಂಗೋಣೆಯನ್ನೇ ಮ್ಯೂಸಿಯಂ ಮಾಡುತ್ತಿದ್ದ. ಪೆಟ್ಟಿಗೆಯೊಳಗೆ ಅಜ್ಜಿಯ ತಾಯಿ ಹೊತ್ತು ತಂದಿದ್ದ ಬಿದಿರಿನ ಹಬೆಪಾತ್ರೆ ಇತ್ತು.

ಅಜ್ಜಿ ಅರಬಿಯಲ್ಲಿ ಗದರಿದಳು. ವೈರಿಂಗ್ ಮಾಡುತ್ತಿದ್ದ ನಿಸಾರ್ ನಗುತ್ತಾ ಜೆರೋಮ್‌ಗೆ ಕನ್ನಡದಲ್ಲಿ ಹೇಳಿದ. "ಶುಕ್ರವಾರ ಹಬೆಯ ರೊಟ್ಟಿ ಬೇಯಿಸುವುದು ಇದರಲ್ಲೇ ಅಂತೆ ಮಾರಾಯ! ಮುಚ್ಚಲಿಕ್ಕೆ ಬಿಡುವುದಿಲ್ಲ ಅಂತಾಳೆ."

"ಮ್ಯೂಸಿಯಂನ ವಸ್ತು ಮುಟ್ಟಬಾರದು," ಎಂದ ಮೊಮ್ಮಗ. ಅಜ್ಜಿ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಅಡಗಿಸಿದಳು.

ಹಬ್ಬಕ್ಕೆ ಇಡ್ಲಿಯಂಥ ಸನ್ನ ಬೇಯಿಸುವ ಊರಿನ ಹಬೆಪಾತ್ರೆ ತೊಂದೂರನ್ನು ಹೀಗೆ ಗಾಜಿನಲ್ಲಿಟ್ಟಿದ್ದರೆ ತನ್ನಮ್ಮ ಸುಮ್ಮನಿರುತ್ತಿದ್ದಳೇ? ಜೆರೋಮ್ ಚೀಲದಿಂದ ಬಿಜಾಗರಿ ತೆಗೆದ. "ಬಾಗಿಲು ಇಟ್ಟು ಬೀಗ ಹಾಕ್ತೇನೆ. ಕೀ ಯಾರಿಗೆ, ಕೇಳು ನಿಸಾರ್."

ನಿಸಾರ್ ಅರಬಿಯಲ್ಲಿ ಕೇಳಿದ. ಮೊಮ್ಮಗ ಬಾಯಿ ತೆರೆಯುವ ಮೊದಲೇ ಅಜ್ಜಿ ಸ್ಕ್ರೂಡ್ರೈವರ್ ಹಿಂದಿರುಗಿಸಿ, ಹಿಟ್ಟು ಮೆತ್ತಿದ ಅಂಗೈ ಚಾಚಿದಳು.